ಹುಡುಗರ ಶಾಲೆಗೆ ಸೇರಿಸಬಹುದಾ? ಮುಂಬೈಯ ಫೋರ್ಟ್, ಕೊಲಾಬಾ ಕಡೆಯ ಶಾಲೆಗಳು ಗೊತ್ತಿರುವವರು ಹೇಳಿ

ವಡಾಲಾ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗನ ಶಾಲೆ ವಿಷಯಕ್ಕೆ ನಿಮ್ಮ ಸಲಹೆ ಬೇಕಿತ್ತು. ಮುಂದಿನ ವರ್ಷ ದೀಪಾವಳಿ ಹೊತ್ತಿಗೆ ಅವನಿಗೆ 6 ತುಂಬುತ್ತದೆ. ಆ ಜೂನ್‌ಗೆ 1ನೇ ತರಗತಿಗೆ ಹಾಕಬೇಕು. ಈಗ ಮನೆ ಹತ್ತಿರವೇ ಹೋಗುತ್ತಿದ್ದಾನೆ.

ನಮ್ಮವರ ಆಫೀಸು ಫೋರ್ಟ್‌ನಲ್ಲಿ. ಅವರ ಮೇಲಿನವರ ಮಕ್ಕಳೆಲ್ಲ ಕೂಪರೇಜ್, ಧೋಬಿ ತಲಾವ್ ಕಡೆಯ ಹಳೇ ಹುಡುಗರ ಶಾಲೆಗಳಲ್ಲಿ ಓದಿದವರು. ಅಲ್ಲೊಂದು ಸೀಟು ಸಿಕ್ಕರೆ ಹುಡುಗ ದಡ ಸೇರಿದ ಹಾಗೆ ಅಂತ ಇವರ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಮಾವ ಕುಂದಾಪುರದಿಂದ ಬಂದು ಅದೇ ಫೋರ್ಟ್‌ನ ಕ್ಯಾಂಟೀನ್‌ಗಳಲ್ಲಿ ದುಡಿದವರು. ಅವರಿಗೂ ಅದೇ ಆಸೆ.

ನನಗೆ ಬೇಡ ಅಂತೇನಿಲ್ಲ, ಆದರೆ ಮನಸ್ಸು ಒಪ್ಪುತ್ತಿಲ್ಲ. ಅಲ್ಲಿ ಬರೀ ಹುಡುಗರು. ನಮ್ಮವನಿಗೆ ಮಾತು ಜಾಸ್ತಿ, ಆದರೆ ಯಾರಾದರೂ ಜೋರು ಮಾಡಿದರೆ ಮೂಲೆ ಸೇರುತ್ತಾನೆ. ಅವನ ಆಟವೆಲ್ಲ ಪಕ್ಕದ ಮನೆಯ ಇಬ್ಬರು ಹುಡುಗಿಯರ ಜೊತೆ. ಮತ್ತೆ ಅಲ್ಲಿಗೆ ಬರುವವರು ಮಲಬಾರ್ ಹಿಲ್, ಕಫ್ ಪರೇಡ್ ಮಕ್ಕಳು. ನಮ್ಮದು ಒಂದು ಬೆಡ್‌ರೂಮಿನ ಮನೆ, ಸಾಲದ ಕಂತು ಇನ್ನೂ ಮುಗಿದಿಲ್ಲ. ವಡಾಲಾದಿಂದ ಅಷ್ಟು ದೂರ ದಿನಾ ಕಳಿಸುವುದು ಹೇಗೆ ಅನ್ನೋದು ಬೇರೆ ಚಿಂತೆ.

ಅಂಥ ಶಾಲೆಯಲ್ಲಿ ಓದಿದವರು, ಮಕ್ಕಳನ್ನು ಓದಿಸಿದವರು, ಪಾಠ ಮಾಡಿದವರು ಯಾರಾದರೂ ಇದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.


ಕೊಲಾಬಾ ಹಳೇ ವಿದ್ಯಾರ್ಥಿ:

ಅಕ್ಕ, ನಾನು ಅಂಥ ಒಂದು ಶಾಲೆಯಲ್ಲಿ 1ರಿಂದ 10ರವರೆಗೆ ಓದಿದವನು. ನಮ್ಮ ಮನೆ ಕೊಲಾಬಾದಲ್ಲೇ ಇತ್ತು. ಅಪ್ಪ ಒಂದು ಬ್ಯಾಂಕ್ ಕಟ್ಟಡದ ಕ್ಯಾಂಟೀನ್ ನಡೆಸುತ್ತಿದ್ದರು.

ಮೊದಲು ಯಾವ ಶಾಲೆ ಯಾವುದು ಅಂತ ಹೇಳಿಬಿಡುತ್ತೇನೆ, ಎಲ್ಲವನ್ನೂ ಒಂದೇ ಅಂದುಕೊಳ್ಳುವವರು ತುಂಬಾ ಜನ. ಕೂಪರೇಜ್ ಮೈದಾನದ ಹತ್ತಿರ ಇರುವುದು ಕ್ಯಾಂಪಿಯನ್. 1943ರಲ್ಲಿ ಜೋಸೆಫ್ ಸವಾಲ್ ಎಂಬ ಜೆಸ್ವಿಟ್ (ಒಂದು ಕ್ಯಾಥೊಲಿಕ್ ಸಂಘ) ಪಾದ್ರಿ ಶುರು ಮಾಡಿದ್ದು. ಇಂಗ್ಲೆಂಡಿನಲ್ಲಿ 1581ರಲ್ಲಿ ಮರಣದಂಡನೆಗೆ ಗುರಿಯಾದ ಎಡ್ಮಂಡ್ ಕ್ಯಾಂಪಿಯನ್ ಎಂಬ ಸಂತನ ಹೆಸರು ಅದಕ್ಕೆ. ಐಸಿಎಸ್‌ಇ ಪಠ್ಯ. ಧೋಬಿ ತಲಾವ್ ಕಡೆ ಇರುವುದು ಸೇಂಟ್ ಝೇವಿಯರ್ಸ್ ಹೈಸ್ಕೂಲ್, 1869ರದ್ದು, ಗಾವಸ್ಕರ್ ಓದಿದ ಶಾಲೆ. ಮಜ್‌ಗಾಂವ್‌ನಲ್ಲಿ ಸೇಂಟ್ ಮೇರೀಸ್, 1864ರದ್ದು. ಅಲ್ಲಿ ಎಸ್‌ಎಸ್‌ಸಿ (ರಾಜ್ಯ ಬೋರ್ಡು) ಮತ್ತು ಐಸಿಎಸ್‌ಇ ಎರಡೂ ವಿಭಾಗ ಬೇರೆ ಬೇರೆ. ಈ ಮೂರೂ ಜೆಸ್ವಿಟರದ್ದು, ಮೂರೂ ಹುಡುಗರಿಗೆ ಅಂತಲೇ ಹೆಸರು ಮಾಡಿದವು. ಕ್ಯಾಥೆಡ್ರಲ್ ಅಂತ ಎಲ್ಲರೂ ಹೇಳುತ್ತಾರಲ್ಲ, ಅಲ್ಲಿ ಹುಡುಗ ಹುಡುಗಿಯರು ಒಟ್ಟಿಗೇ ಓದುತ್ತಾರೆ. ಈ ವರ್ಷ ಯಾವ ತರಗತಿಗೆ ಯಾರನ್ನು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಮಾತ್ರ ಶಾಲೆಯ ಆಫೀಸಿನಲ್ಲೇ ಕೇಳಿ. ಹಳೇ ಶಾಲೆಗಳೂ ನಿಯಮ ಬದಲಿಸುತ್ತವೆ.

ನನಗೆ ಅಲ್ಲಿ ಸಿಕ್ಕಿದ್ದು ಮೈದಾನ ಮತ್ತು ಮಾತು. ಆ ಭಾಗದಲ್ಲಿ ಓವಲ್, ಆಜಾದ್ ಮೈದಾನ, ಕೂಪರೇಜ್ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಮುಂಬೈಯ ಬೇರೆ ಯಾವ ಭಾಗದ ಮಕ್ಕಳಿಗೂ ಅಷ್ಟು ಹುಲ್ಲು ನೋಡಲು ಸಿಗುವುದಿಲ್ಲ. ಇನ್ನು ಮಾತು. 2ನೇ ತರಗತಿಯಿಂದಲೇ ಎಲ್ಲರ ಮುಂದೆ ನಿಂತು ಪದ್ಯ ಹೇಳಬೇಕಿತ್ತು. ಮನೆಯಲ್ಲಿ ತುಳು, ಕ್ಯಾಂಟೀನ್‌ನಲ್ಲಿ ಕನ್ನಡ ಹಿಂದಿ ಕೇಳಿ ಬೆಳೆದ ನನಗೆ ಇಂಗ್ಲಿಷ್‌ನಲ್ಲಿ ಹೆದರದೆ ಬಾಯಿ ಬಿಡೋಕೆ ಬಂದದ್ದು ಅಲ್ಲಿಂದಲೇ. ಇವತ್ತು ನಾನು ಉಣ್ಣುತ್ತಿರುವ ಅನ್ನ ಆ ಮಾತಿನದ್ದು.

ಸಿಗದೇ ಇದ್ದದ್ದೂ ಇದೆ. ಕಾಲೇಜಿಗೆ ಹೋದಾಗ ಹುಡುಗಿಯರ ಜೊತೆ ಸಹಜವಾಗಿ ಮಾತಾಡಲು ನನಗೆ ತುಂಬಾ ಕಾಲ ಹಿಡಿಯಿತು. ಅಕ್ಕ ತಂಗಿಯರು ಇದ್ದವರಿಗೆ ಅಷ್ಟು ಕಷ್ಟ ಆಗಲಿಲ್ಲ. ನಾನು ಒಬ್ಬನೇ ಮಗ.


ಕಿಂಗ್ಸ್ ಸರ್ಕಲ್:

ವಡಾಲಾದಲ್ಲಿ ಇದ್ದುಕೊಂಡು ಫೋರ್ಟ್ ಯಾಕೆ ಮೇಡಂ? ಡಾನ್ ಬಾಸ್ಕೋ ಮಾಟುಂಗಾದಲ್ಲೇ ಇದೆಯಲ್ಲ. ಸಲೇಷಿಯನ್ ಪಾದ್ರಿಗಳದ್ದು. ಫೈವ್ ಗಾರ್ಡನ್ಸ್, ಪಾರ್ಸಿ ಕಾಲೊನಿ ಸುತ್ತಮುತ್ತಲಿನವರೂ ಕೈ ತುಂಬಾ ಇರುವವರೇ, ಆದರೆ ಅಲ್ಲಿಗೆ ಸಾಯನ್, ವಡಾಲಾ, ಆಂಟಾಪ್ ಹಿಲ್ ಮಕ್ಕಳೂ ಬರುತ್ತಾರೆ. ರವಿ ಶಾಸ್ತ್ರಿ ಅಲ್ಲಿಯ ಹುಡುಗ, ಮೂಲ ನಮ್ಮ ಮಂಗಳೂರು ಕಡೆ. 1976ರ ಜೈಲ್ಸ್ ಶೀಲ್ಡ್ ಶಾಲಾ ಕ್ರಿಕೆಟ್ ಫೈನಲ್‌ನಲ್ಲಿ ಡಾನ್ ಬಾಸ್ಕೋ ಸೇಂಟ್ ಮೇರೀಸ್ ಎದುರು ಸೋತಿತು. ಮರುವರ್ಷ ಶಾಸ್ತ್ರಿ ನಾಯಕತ್ವದಲ್ಲಿ ಗೆದ್ದರು. ಆ ಶಾಲೆಗೆ ಅದೇ ಮೊದಲ ಸಲ.

ಆರು ವರ್ಷದ ಮಗುವಿಗೆ ದೂರ ಅನ್ನೋದು ದೊಡ್ಡ ವಿಷಯ. 4ನೇ ತರಗತಿವರೆಗಿನ ಮಕ್ಕಳ ಶಾಲೆ ಬೆಳಿಗ್ಗೆ 9ಕ್ಕಿಂತ ಮೊದಲು ಶುರುವಾಗಬಾರದು ಅಂತ 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಆದೇಶ ಹೊರಡಿಸಿತು. ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ ಅನ್ನುವುದೇ ಕಾರಣ. ನೀವು ನೋಡುತ್ತಿರುವ ಶಾಲೆ ಎಷ್ಟು ಗಂಟೆಗೆ ಶುರುವಾಗುತ್ತದೆ, ಬಸ್ ಎಷ್ಟಕ್ಕೆ ನಿಮ್ಮ ಗೇಟಿಗೆ ಬರುತ್ತದೆ, ಅದನ್ನು ಮೊದಲು ಕೇಳಿ. ಈಸ್ಟರ್ನ್ ಫ್ರೀವೇ ಇದೆ, ಬೇಗ ಹೋಗುತ್ತದೆ ಅಂತ ಬಸ್ಸಿನವರು ಹೇಳುತ್ತಾರೆ. ಫ್ರೀವೇ ಹತ್ತುವ ಮೊದಲು ಆ ಬಸ್ಸು ಎಷ್ಟು ಸೊಸೈಟಿ ಸುತ್ತುತ್ತದೆ ಅನ್ನೋದನ್ನು ಹೇಳುವುದಿಲ್ಲ.


ನಿವೃತ್ತ ಟೀಚರ್:

ತಂಗಿ, ನಾನು ಮೂಲ ಉಡುಪಿಯವಳು. ಶ್ರೀಮಂತರ ಬಡಾವಣೆಯ ಒಂದು ಹುಡುಗರ ಶಾಲೆಯಲ್ಲಿ ಕೆಳಗಿನ ತರಗತಿಗಳಿಗೆ ಪಾಠ ಮಾಡಿ ನಿವೃತ್ತಳಾದೆ. ಶಾಲೆಯ ಹೆಸರು ಬೇಡ. ಸಣ್ಣ ಹುಡುಗರ ಬಗ್ಗೆ ಹೇಳುತ್ತೇನೆ, ಅದು ನನಗೆ ಗೊತ್ತಿರುವ ವಿಷಯ.

1ನೇ ತರಗತಿಯ ಹುಡುಗನಿಗೆ ಪೆನ್ಸಿಲ್ ಹಿಡಿಯುವುದೇ ದೊಡ್ಡ ಕೆಲಸ. ಬೆರಳಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ. ತುಂಬಾ ಹುಡುಗರಿಗೆ ಹುಡುಗಿಯರಿಗಿಂತ ಸ್ವಲ್ಪ ತಡವಾಗಿ ಬರುತ್ತದೆ. ಒತ್ತಿ ಒತ್ತಿ ಬರೆದು ಹಾಳೆ ತೂತು ಮಾಡುತ್ತಾರೆ. ಹುಡುಗಿಯರೂ ಇರುವ ತರಗತಿಯಲ್ಲಿ ಅವರ ಚಂದದ ಅಕ್ಷರ ನೋಡಿ "ನನಗೆ ಬರಲ್ಲ" ಅಂತ ಪೆನ್ಸಿಲ್ ಕೆಳಗಿಡುವ ಹುಡುಗರನ್ನು ಬೇರೆ ಶಾಲೆಯಲ್ಲಿ ನೋಡಿದ್ದೇನೆ. ನಮ್ಮಲ್ಲಿ ಎಲ್ಲರ ಅಕ್ಷರವೂ ಕೋಳಿ ಕಾಲೇ. ಯಾರಿಗೂ ನಾಚಿಕೆ ಇರಲಿಲ್ಲ. ಮಣ್ಣು, ಜೇಡಿ, ಮಣಿ ಪೋಣಿಸುವುದು, ಕತ್ತರಿ ಹಿಡಿದು ಕಾಗದ ಕತ್ತರಿಸುವುದು, ಇವನ್ನೆಲ್ಲ ಆರು ತಿಂಗಳು ಮಾಡಿಸಿ ಆಮೇಲೆ ಕಾಪಿ ಬರೆಸುತ್ತಿದ್ದೆವು.

ಇನ್ನೊಂದು ಒಳ್ಳೆಯದು, ಹೊರಗಿನವರಿಗೆ ಕಾಣದ್ದು. ಬರೀ ಹುಡುಗರೇ ಇದ್ದಾಗ ಹಾಡುವುದು, ಬಣ್ಣ ಹಚ್ಚುವುದು, ಕುಣಿಯುವುದು ಹುಡುಗಿಯರ ಕೆಲಸ ಅನ್ನುವ ಮಾತೇ ಬರುವುದಿಲ್ಲ. ವಾರ್ಷಿಕೋತ್ಸವದ ನಾಟಕದಲ್ಲಿ ರಾಣಿಯ ಪಾತ್ರವೂ ಅವರದೇ, ಅಜ್ಜಿಯ ಪಾತ್ರವೂ ಅವರದೇ. ಅಜ್ಜಿಯಾಗಲು ಜಗಳವೇ ಆಗುತ್ತಿತ್ತು. ನಮ್ಮ ಯಕ್ಷಗಾನ ನೋಡಿ ಬೆಳೆದ ನನಗೆ ಅದು ವಿಶೇಷ ಅನ್ನಿಸಲಿಲ್ಲ. ಬೇರೆ ಟೀಚರುಗಳಿಗೆ ತುಂಬಾ ಆಶ್ಚರ್ಯ.

ಕೆಟ್ಟದ್ದೂ ಹೇಳಬೇಕು. ತಳ್ಳಾಟ ಜಾಸ್ತಿ. ಬಿಡುವಿನ ವೇಳೆಯಲ್ಲಿ ಮೊಣಕಾಲು ಕೆತ್ತಿಸಿಕೊಂಡು ಬರದ ದಿನವೇ ಇರುವುದಿಲ್ಲ. ಅದು ಪರವಾಗಿಲ್ಲ, ಡೆಟಾಲ್ ಹಚ್ಚಿದರೆ ಆಯಿತು. ಆದರೆ ಅಳುವ ಹುಡುಗನನ್ನು ಗೇಲಿ ಮಾಡುವುದು 2ನೇ ತರಗತಿಯಲ್ಲೇ ಶುರುವಾಗುತ್ತದೆ. ಆಗ ಟೀಚರ್ ಏನು ಮಾಡುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. "ಹುಡುಗರು ಅಳಬಾರದು" ಅಂತ ಟೀಚರೇ ಹೇಳುವ ಶಾಲೆ ಆದರೆ ನಿನ್ನ ಮಗನನ್ನು ಅಲ್ಲಿಗೆ ಕಳಿಸಬೇಡ. ಶಾಲೆ ನೋಡಲು ಹೋದಾಗ ಸಭಾಂಗಣ, ಕಂಪ್ಯೂಟರ್ ಕೋಣೆ ತೋರಿಸುತ್ತಾರೆ. ಅದನ್ನು ಬಿಟ್ಟು, ಬಿಡುವಿನ ವೇಳೆಯಲ್ಲಿ ಒಂದು ಕಡೆ ನಿಂತು ನೋಡಬಹುದಾ ಅಂತ ಕೇಳು. ಒಬ್ಬನೇ ಕೂತ ಹುಡುಗನ ಹತ್ತಿರ ಯಾರಾದರೂ ದೊಡ್ಡವರು ಹೋಗುತ್ತಾರಾ ನೋಡು. ನಾನಾದರೆ ಅದನ್ನು ನೋಡಿಯೇ ಶಾಲೆ ಆರಿಸುತ್ತೇನೆ.


ಪೊವೈ ಡಾಕ್ಟ್ರು:

ಟೀಚರಮ್ಮ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹುಡುಗರನ್ನು ಬೇರೆ ಓದಿಸಿದರೆ ಓದು ಮೇಲಕ್ಕೆ ಹೋಗುತ್ತದೆ ಎಂಬ ನಂಬಿಕೆಗೆ ಗಟ್ಟಿ ಆಧಾರ ಇಲ್ಲ. 2014ರಲ್ಲಿ ಸೈಕಲಾಜಿಕಲ್ ಬುಲೆಟಿನ್ ಎಂಬ ಪತ್ರಿಕೆಯಲ್ಲಿ 21 ದೇಶಗಳ 184 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಲೇಖನ ಬಂತು. ಸುಮಾರು 16 ಲಕ್ಷ ವಿದ್ಯಾರ್ಥಿಗಳ ಲೆಕ್ಕ. ಮನೆಯ ಹಿನ್ನೆಲೆ, ಮೊದಲೇ ಆರಿಸಿ ತೆಗೆದುಕೊಂಡದ್ದು ಇವನ್ನೆಲ್ಲ ಗಣನೆಗೆ ತೆಗೆದುಕೊಂಡ ಅಧ್ಯಯನಗಳಲ್ಲಿ ಹುಡುಗರಿಗಾಗಲಿ ಹುಡುಗಿಯರಿಗಾಗಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಈ ಶಾಲೆಗಳ ಫಲಿತಾಂಶ ಚೆನ್ನಾಗಿರುವುದಕ್ಕೆ ಬರುವ ಮಕ್ಕಳ ಮನೆ, ಟೀಚರು, ಮೈದಾನ ಕಾರಣ. ಹುಡುಗಿಯರು ಇಲ್ಲದಿರುವುದು ಅಲ್ಲ. ಹಾಗಾಗಿ ಹುಡುಗರ ಶಾಲೆ ಅನ್ನುವ ಒಂದೇ ಕಾರಣಕ್ಕೆ ಸೇರಿಸುವುದೂ ಬೇಡ, ಬಿಡುವುದೂ ಬೇಡ.


ಗಾಮದೇವಿ ಅಪ್ಪ:

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಶಾಲೆಯ ಹೆಸರು ಹೇಳುವುದಿಲ್ಲ.

ನಾವು ಬಾಡಿಗೆಗೆ ಗಾಮದೇವಿಗೆ ಬಂದೆವು, ಮಗನ ಶಾಲೆಗೆಂದೇ. ಫೀ ಕಟ್ಟಬಹುದು ಅಂತ ಲೆಕ್ಕ ಹಾಕಿಯೇ ಬಂದಿದ್ದು. ಲೆಕ್ಕಕ್ಕೆ ಸಿಗದೇ ಹೋದದ್ದು ಹುಟ್ಟುಹಬ್ಬಗಳು. ತರಗತಿಯಲ್ಲಿ ಎಷ್ಟು ಹುಡುಗರೋ ಅಷ್ಟು ಪಾರ್ಟಿ. ಕ್ಲಬ್‌ನಲ್ಲಿ, ಹೋಟೆಲ್‌ನಲ್ಲಿ, ಜಾದೂಗಾರ, ಫುಟ್‌ಬಾಲ್ ಕೋಚು. ಹೊರಡುವಾಗ ಕೈಗೆ ರಿಟರ್ನ್ ಗಿಫ್ಟು. ನಾವು ಕೊಟ್ಟ ಉಡುಗೊರೆಗಿಂತ ಅವರು ವಾಪಸ್ ಕೊಟ್ಟದ್ದೇ ದುಬಾರಿ. ಒಂದು ಪಾರ್ಟಿಯಿಂದ ಬಂದ ರಾತ್ರಿ ಮಗ ಹಾಸಿಗೆಯ ಮೇಲೆ ರಿಮೋಟ್ ಕಾರು ಇಟ್ಟುಕೊಂಡು ಕೇಳಿದ, "ಅಪ್ಪಾ, ನಮ್ಮ ಡ್ರೈವರ್ ಯಾಕೆ ಬರಲ್ಲ?" ನಮಗೆ ಕಾರೇ ಇರಲಿಲ್ಲ. ಅವನಿಗೆ ಆರೂವರೆ ವರ್ಷ. ಡ್ರೈವರ್ ಅಂದರೆ ಎಲ್ಲರ ಮನೆಯಲ್ಲೂ ಇರುವ ಒಬ್ಬ ಅಂಕಲ್ ಅಂದುಕೊಂಡಿದ್ದ.

ನಾನು, ನನ್ನ ಹೆಂಡತಿ ಕೂತು ಮಾತಾಡಿದೆವು. ಅವನ ಹುಟ್ಟುಹಬ್ಬಕ್ಕೆ ಐದು ಹುಡುಗರನ್ನು ಮನೆಗೇ ಕರೆದೆವು. ಅವಳು ಗೋಳಿಬಜೆ, ಕೇಸರಿಬಾತ್ ಮಾಡಿದಳು. ಹುಡುಗರು ಬಾಲ್ಕನಿಯಲ್ಲಿ ಕೂತು ಗೋಳಿಬಜೆ ಖಾಲಿ ಮಾಡಿದರು, ಆಮೇಲೆ ಕಟ್ಟಡದ ಮೆಟ್ಟಿಲಲ್ಲಿ ಕಳ್ಳ ಪೊಲೀಸ್ ಆಡಿದರು. ಮರುದಿನ ಅವರ ಅಮ್ಮಂದಿರು ಬಜೆಯ ರೆಸಿಪಿ ಕೇಳಿದರು. ಮಕ್ಕಳಿಗೆ ಅಷ್ಟೇ ಸಾಕು ಮಾರಾಯ್ರೆ. ಕಷ್ಟ ಆಗುವುದು ದೊಡ್ಡವರಿಗೆ. ಅಪ್ಪ ಅಮ್ಮನೇ ಎಲ್ಲರ ಸಮಕ್ಕೆ ನಿಲ್ಲಬೇಕು ಅಂತ ಸಾಲ ಮಾಡಿ ಖರ್ಚು ಮಾಡಿದರೆ ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಮಗ ಈಗ 5ನೇ ತರಗತಿ. ಖುಷಿಯಾಗಿದ್ದಾನೆ. ಆದರೆ ರಜೆಯಲ್ಲಿ ಊರಿಗೆ ಹೋಗಿ ಬಂದದ್ದನ್ನು ತರಗತಿಯಲ್ಲಿ ಹೇಳಲು ಈಗಲೂ ಸ್ವಲ್ಪ ಹಿಂದೆ ಮುಂದೆ ನೋಡುತ್ತಾನೆ. ಉಳಿದವರದ್ದು ಸ್ವಿಟ್ಜರ್ಲೆಂಡ್. ಆ ವಿಷಯ ನನ್ನನ್ನು ಇನ್ನೂ ಕಾಡುತ್ತದೆ.


ಅಂಧೇರಿ ವಕೀಲ:

ಪ್ರವೇಶದ ಸಮಯದಲ್ಲಿ ತುಂಬಾ ಜನ ತಪ್ಪು ಮಾಹಿತಿ ನಂಬುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಅದರ 12ನೇ ಸೆಕ್ಷನ್ ಪ್ರಕಾರ ಖಾಸಗಿ ಶಾಲೆಗಳು ಮೊದಲ ತರಗತಿಯಲ್ಲಿ ಶೇ. 25 ಸೀಟು ಹಿಂದುಳಿದ, ಬಡ ಮನೆಯ ಮಕ್ಕಳಿಗೆ ಕೊಡಬೇಕು. 13ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕೆ ಮಗುವಿಗೆ ಪರೀಕ್ಷೆ, ಅಪ್ಪ ಅಮ್ಮನಿಗೆ ಸಂದರ್ಶನ ಮಾಡುವಂತಿಲ್ಲ. ಆದರೆ 2014ರ ಮೇ ತಿಂಗಳಲ್ಲಿ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ತೀರ್ಪು ಕೊಟ್ಟಿತು. ಪಾದ್ರಿಗಳು ನಡೆಸುವ ಹಳೇ ಶಾಲೆಗಳು ಆ ಗುಂಪಿಗೆ ಬರುತ್ತವೆ. ಹಾಗಾಗಿ ಅಲ್ಲಿ ಆರ್‌ಟಿಇ ಸೀಟು ಕೊಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ.

ಡೊನೇಷನ್ ವಿಷಯ ಬೇರೆ. ಕ್ಯಾಪಿಟೇಷನ್ ಫೀ, ಅಂದರೆ ಸೀಟಿಗಾಗಿ ಫೀ ಮೇಲೆ ಕೇಳುವ ದುಡ್ಡು, ತಡೆಯಲು ಮಹಾರಾಷ್ಟ್ರದಲ್ಲಿ 1987ರಿಂದಲೇ ಪ್ರತ್ಯೇಕ ಕಾನೂನು ಇದೆ. ಫೀ ನಿಯಂತ್ರಣಕ್ಕೆ 2011ರ ಕಾನೂನು ಇದೆ. ಅದರ ಪ್ರಕಾರ ಪ್ರತಿ ಶಾಲೆಯಲ್ಲೂ ಶಿಕ್ಷಕ ಪಾಲಕ ಸಂಘದ ಕಾರ್ಯಕಾರಿ ಸಮಿತಿ ಇರಬೇಕು. ಪಾಲಕರ ಪ್ರತಿನಿಧಿಗಳನ್ನು ಲಾಟರಿ ಎತ್ತಿ ಆರಿಸುತ್ತಾರೆ. ಫೀ ಎಷ್ಟು ಅನ್ನುವುದು ಆ ಸಮಿತಿಯ ಮುಂದೆ ಬರಬೇಕು. ಶಾಲೆಗೆ ಕೊಡುವ ಪ್ರತಿ ರೂಪಾಯಿಗೂ ರಸೀದಿ ತೆಗೆದುಕೊಳ್ಳಿ. ರಸೀದಿ ಇಲ್ಲದೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.


ಧಾರವಾಡದವ:

ಎಲ್ಲರೂ ಬರೆದದ್ದು ಓದಿದೆ. ಬೇಜಾರಾಯಿತು, ಅದಕ್ಕೇ ಬರೆಯುತ್ತಿದ್ದೇನ್ರೀ. ವಡಾಲಾದಲ್ಲೇ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ ಇದೆ. ಇವರ ಮನೆಯಿಂದ ಕೂಗಳತೆ ದೂರ. ಅದರ ಹೆಸರನ್ನು ಒಬ್ಬರೂ ಎತ್ತಲಿಲ್ಲ! ಮುಂಬೈ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅಲ್ಲಿ ಮಕ್ಕಳು ಕಡಿಮೆ. ಯಾಕಂದರೆ ನಾವು ಕಳಿಸಲಿಲ್ಲ.

ಈ ಊರಿನಲ್ಲಿ ಹೋಟೆಲ್ ಹುಡುಗರು ಹಗಲು ಕಪ್ಪು ಬಸಿ ತೊಳೆದು ರಾತ್ರಿ ಓದಿದರು. ಮೊಗವೀರರ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಇವೆಲ್ಲ ಆ ಹುಡುಗರಿಗಾಗಿ ನಮ್ಮವರೇ ಕಟ್ಟಿದ್ದು. ಅಲ್ಲಿ ಓದಿದವರು ವಕೀಲರಾದರು, ಬ್ಯಾಂಕ್ ಮ್ಯಾನೇಜರ್ ಆದರು. ಯಾರ ಮೈದಾನವೂ ಅವರಿಗೆ ಇರಲಿಲ್ಲ. ಅವರ ಮೊಮ್ಮಕ್ಕಳಿಗೆ ಈಗ ನಮ್ಮ ಶಾಲೆ ಸಾಲುತ್ತಿಲ್ಲ ಅಂದರೆ ನನಗೆ ನೋವಾಗುತ್ತದೆ.


ಕೊಲಾಬಾ ಹಳೇ ವಿದ್ಯಾರ್ಥಿ:

ಸರ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನನ್ನ ಅಪ್ಪನ ಕಡೆಯಿಂದ ಒಂದು ಮಾತು ಹೇಳಲೇಬೇಕು. ಅಪ್ಪ ನೀವು ಹೇಳಿದಂಥ ರಾತ್ರಿ ಶಾಲೆಯಲ್ಲೇ ಓದಿದವರು. ಬೆಂಚಿನ ಮೇಲೆ ನಿದ್ದೆ ತಡೆಯಲು ಕಣ್ಣಿಗೆ ನೀರು ಹಾಕಿಕೊಂಡು ಕೂತವರು. ಹಗಲು ಹೊತ್ತಿನಲ್ಲಿ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಗೆ ಹೋಗುವುದನ್ನು ನೋಡಲು ಅವರು ಕ್ಯಾಂಟೀನ್ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ರಾತ್ರಿ ಶಾಲೆಯನ್ನು ಅವರು ದೇವರ ಹಾಗೆ ನೆನೆಯುತ್ತಿದ್ದರು. ತನ್ನ ಮಗನಿಗೆ ಅದು ಬೇಕಾಗಬಾರದು ಅಂತಲೂ ಹೇಳುತ್ತಿದ್ದರು. ಎರಡೂ ನಿಜವೇ ಅಲ್ವಾ?


ಧಾರವಾಡದವ:

ನಿಮ್ಮ ಅಪ್ಪನವರಿಗೆ ನನ್ನ ನಮಸ್ಕಾರ. ಅವರ ಆಸೆಯನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ನಮ್ಮ ಶಾಲೆ ಹಗಲಿನಲ್ಲೂ ನಡೆಯುತ್ತದೆ, ಅಲ್ಲೂ ಇಸ್ತ್ರಿ ಅಂಗಿ ಹಾಕಿಕೊಂಡೇ ಹೋಗುತ್ತಾರೆ. ಈ ತಾಯಿ ಅರ್ಜಿ ಹಾಕುವ ಮೊದಲು ಒಮ್ಮೆ ಅಲ್ಲಿಗೂ ಹೋಗಿ ನೋಡಲಿ ಅನ್ನೋದಷ್ಟೇ ನನ್ನ ಮಾತು.


ವಡಾಲಾ ಅಮ್ಮ:

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಕೂತು ಎಲ್ಲವನ್ನೂ ಮಾವನವರಿಗೆ ಓದಿ ಹೇಳಿದೆ. ರಾತ್ರಿ ಶಾಲೆಯ ಮಾತು ಬಂದಾಗ ಅವರು ಟಿವಿ ಆಫ್ ಮಾಡಿದರು. ಇವರ ಮುಖ ಸಪ್ಪೆಯಾದದ್ದು ಡಾಕ್ಟ್ರು ಬರೆದದ್ದು ಕೇಳಿ.

ಟೀಚರಮ್ಮ, ಇನ್ನೊಂದು ಕೇಳಬೇಕಿತ್ತು. ಅಂಥ ಶಾಲೆಗೆ ಹೋದರೆ ಕನ್ನಡ ಉಳಿಯುತ್ತದಾ? ಇಂಗ್ಲಿಷ್ ಇರುತ್ತದೆ, ಹಿಂದಿ ಇರುತ್ತದೆ, ಮರಾಠಿ ಇರುತ್ತದೆ. ಈಗಲೇ ನನ್ನ ಮಗ "ಅಮ್ಮ, ಮೇರಾ ಡಬ್ಬ ಎಲ್ಲಿ" ಅನ್ನುತ್ತಾನೆ.


ನಿವೃತ್ತ ಟೀಚರ್:

ತಂಗಿ, ಮರಾಠಿ ಎಲ್ಲ ಶಾಲೆಯಲ್ಲೂ ಇರುತ್ತದೆ. 2020ರ ಕಾನೂನಿನ ಪ್ರಕಾರ ಮಹಾರಾಷ್ಟ್ರದ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಅದಕ್ಕೆ ಹೆದರಬೇಡ, ಈ ಊರಿನಲ್ಲಿ ಬದುಕುವ ಹುಡುಗನಿಗೆ ಮರಾಠಿ ಚೆನ್ನಾಗಿ ಬರಬೇಕು. ಚಿಕ್ಕ ಮಕ್ಕಳಿಗೆ ನಾಲ್ಕು ಭಾಷೆ ಭಾರ ಅಲ್ಲ.

ಕನ್ನಡ ಶಾಲೆಯಿಂದ ಸಿಗದಿದ್ದರೆ ಮನೆಯಿಂದ ಸಿಗಬೇಕು, ಅದಕ್ಕೆ ಹೊತ್ತು ಬೇಕು. ದೂರದ ಶಾಲೆಯ ನಿಜವಾದ ತೊಂದರೆ ಅದೇ. ಬಸ್ಸಿನಿಂದ ಇಳಿದು ಸುಸ್ತಾಗಿ ಬಂದ ಮಗುವಿಗೆ ಹೋಂವರ್ಕ್ ಮಾಡಿಸಿ ಊಟ ಹಾಕುವಷ್ಟರಲ್ಲಿ ಕಣ್ಣು ಮುಚ್ಚುತ್ತದೆ. ಅಜ್ಜನ ಜೊತೆ ಕೂತು ಕಥೆ ಕೇಳುವ ಹೊತ್ತು ಯಾವಾಗ? ನಿಮ್ಮ ಮಾವ ಮನೆಯಲ್ಲೇ ಇದ್ದಾರಲ್ಲ, ಅದು ದೊಡ್ಡ ಭಾಗ್ಯ. ದಿನಾ ಸಂಜೆ ಅವರು ಅವನಿಗೆ ಪೇಪರ್‌ನ ಒಂದು ತಲೆಬರಹ ಓದಿಸಲಿ, ಮುಂಬೈ ಕನ್ನಡ ಪೇಪರ್ ಬರುತ್ತದಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಕರ್ನಾಟಕ ಸಂಘವೂ ಅಲ್ಲೇ ಹತ್ತಿರ. ಅಲ್ಲಿ ನಾಟಕ, ಸಂಗೀತ ಇದ್ದ ದಿನ ಕರೆದುಕೊಂಡು ಹೋಗು. ಬೇರೆ ಮಕ್ಕಳೂ ಕನ್ನಡ ಮಾತಾಡುವುದನ್ನು ಅವನು ನೋಡಬೇಕು. ಇಲ್ಲದಿದ್ದರೆ ಕನ್ನಡ ಅಂದರೆ ಅಜ್ಜ ಅಮ್ಮ ಮಾತ್ರ ಆಡುವ ಭಾಷೆ ಅಂದುಕೊಳ್ಳುತ್ತಾನೆ.


ಚೆಂಬೂರು ಅವಳಿ ಅಮ್ಮ:

ನನಗೆ ಅವಳಿ, ಒಂದು ಹೆಣ್ಣು ಒಂದು ಗಂಡು. ಹುಡುಗರ ಶಾಲೆಗೆ ಅರ್ಜಿ ಹಾಕಬೇಕು ಅಂದಾಗ ಮಗಳನ್ನು ಏನು ಮಾಡೋದು ಅನ್ನೋ ಪ್ರಶ್ನೆ ಬಂತು. ಎರಡು ಶಾಲೆ ಅಂದರೆ ಎರಡು ಬಸ್ಸು, ಎರಡು ಯೂನಿಫಾರ್ಮ್, ಎರಡು ಪರೀಕ್ಷೆ ವೇಳಾಪಟ್ಟಿ, ಎರಡು ಕಡೆ ಮೀಟಿಂಗ್. ಮಗನಿಗೆ ಮಾತ್ರ ಹೆಸರಿನ ಶಾಲೆ, ಮಗಳಿಗೆ ಹತ್ತಿರದ್ದು ಸಾಕು ಅಂತ ಮನೆಯಲ್ಲಿ ಒಬ್ಬರು ಹೇಳಿದರು. ಆ ಮಾತಿಗೆ ನಾನು ಅರ್ಜಿಯನ್ನೇ ಹರಿದು ಹಾಕಿದೆ. ಈಗ ಇಬ್ಬರೂ ಚೆಂಬೂರಿನಲ್ಲೇ ಒಂದೇ ಶಾಲೆ. ಎರಡನೇ ಮಗು ಯೋಚನೆಯಲ್ಲಿ ಇರುವವರು ಇದನ್ನೂ ನೆನಪಿಟ್ಟುಕೊಳ್ಳಿ.


ವಡಾಲಾ ಅಮ್ಮ:

ಹೋಗಿ ನೋಡಿಕೊಂಡು ಬಂದೆವು, ಅದಕ್ಕೆ ಬರೆಯುತ್ತಿದ್ದೇನೆ. ಫೋರ್ಟ್ ಕಡೆ ಒಂದು, ನಮ್ಮ ಮನೆ ಹತ್ತಿರ ಒಂದು ಹುಡುಗರ ಶಾಲೆ, ಧಾರವಾಡದ ಸರ್ ಹೇಳಿದ ಕನ್ನಡ ಸಂಸ್ಥೆಯದ್ದೂ ನೋಡಿದೆವು. ಮಾವನವರೂ ಬಂದಿದ್ದರು.

ಫೋರ್ಟ್‌ನ ಶಾಲೆ ನಿಜವಾಗಿಯೂ ಚಂದ. ಎತ್ತರದ ಚಾವಣಿ, ಕಲ್ಲಿನ ಮೆಟ್ಟಿಲು, ತಂಪು. ಟೀಚರ್ ಒಬ್ಬರು ಮಂಡಿಯೂರಿ ಕೂತು ಒಬ್ಬ ಹುಡುಗನ ಶೂ ಲೇಸ್ ಕಟ್ಟುತ್ತಿದ್ದರು. ನಾವು ಬಂದದ್ದು ನೋಡಿಯೂ ಎದ್ದು ನಿಲ್ಲಲಿಲ್ಲ, ಲೇಸ್ ಮುಗಿಸಿಯೇ ಎದ್ದರು. ಅದು ನನಗೆ ಹಿಡಿಸಿತು. ಬಿಡುವಿನಲ್ಲಿ ನೋಡಲು ಬಿಡಲಿಲ್ಲ, ಸುರಕ್ಷತೆ ಅಂದರು. ಬಸ್ಸು ಮಾತ್ರ ನಮ್ಮ ಭಾಗಕ್ಕೆ ಬರುವುದೇ ಇಲ್ಲ. ಇವರು ಜೊತೆಗೆ ಕರೆದುಕೊಂಡು ಹೋಗುತ್ತೇನೆ ಅಂದರು. ವಡಾಲಾ ರೋಡ್ ಸ್ಟೇಷನ್‌ನ ಬೆಳಗಿನ ಗದ್ದಲದಲ್ಲಿ ಚೀಲ ಹೊತ್ತ ಮಗುವನ್ನು ಹತ್ತಿಸಿ ನೋಡಿ ಅಂತ ಮಾವನವರೇ ಹೇಳಿದರು. ಆ ಶಾಲೆ ಬೇಕು ಅಂತ ಆಸೆಪಟ್ಟವರೇ ಅವರು.

ಹತ್ತಿರದ ಹುಡುಗರ ಶಾಲೆಯಲ್ಲಿ ಬಿಡುವಿನ ಹೊತ್ತು ನಿಲ್ಲಲು ಬಿಟ್ಟರು. ತಳ್ಳಾಟ ಇತ್ತು. ಬಿದ್ದವನನ್ನು ಇನ್ನೊಬ್ಬ ಹುಡುಗನೇ ಎತ್ತಿ ಟೀಚರ್ ಹತ್ತಿರ ಕರೆದುಕೊಂಡು ಹೋದ. ನನ್ನ ಮಗ ಗೇಟಿನ ಹತ್ತಿರ ನಿಂತವನು ನಾವು ಮಾತು ಮುಗಿಸುವಷ್ಟರಲ್ಲಿ ಅವರ ಜೊತೆ ಓಡುತ್ತಿದ್ದ. ಕನ್ನಡ ಸಂಸ್ಥೆಯ ಶಾಲೆಯವರು ತುಂಬಾ ಪ್ರೀತಿಯಿಂದ ಮಾತಾಡಿಸಿದರು. ಮಾವನವರಿಗೆ ಅಲ್ಲಿಂದ ಏಳಲು ಮನಸ್ಸಿರಲಿಲ್ಲ.

ಹತ್ತಿರದ ಎರಡಕ್ಕೂ ಅರ್ಜಿ ಹಾಕುತ್ತೇವೆ, ಫೋರ್ಟ್ ಬೇಡ. ಇವರು ಇನ್ನೂ ಪೂರ್ತಿ ಒಪ್ಪಿಲ್ಲ, 5ನೇ ತರಗತಿಗೆ ಮತ್ತೆ ನೋಡೋಣ ಅನ್ನುತ್ತಿದ್ದಾರೆ. ಮೇಲಿನ ತರಗತಿಗೆ ಸೀಟು ಸಿಗುತ್ತದಾ?


ಕೊಲಾಬಾ ಹಳೇ ವಿದ್ಯಾರ್ಥಿ:

ಸಿಗುವುದು ಕಷ್ಟ ಅಕ್ಕ. ಯಾರಾದರೂ ವರ್ಗವಾಗಿ ಊರು ಬಿಟ್ಟರೆ ಮಾತ್ರ ಜಾಗ ಖಾಲಿ. ಆದರೆ 11ನೇ ತರಗತಿಗೆ ಅವನೇ ಲೋಕಲ್ ಹತ್ತಿ ಫೋರ್ಟ್‌ನ ಕಾಲೇಜಿಗೆ ಬರುತ್ತಾನೆ, ಆಗ ಓವಲ್‌ನಲ್ಲಿ ಎಷ್ಟು ಬೇಕಾದರೂ ಆಡಲಿ.


ಸಾಯನ್ ಅಪ್ಪ:

ಮೇಡಂ, ನಮ್ಮದೂ ಇದೇ ವರ್ಷ ಅರ್ಜಿ. ಹತ್ತಿರದ ಶಾಲೆಗೂ ಸಾಯನ್‌ನಿಂದ ಬಸ್ಸಿಗೇ ಕಳಿಸಬೇಕು. ಏನೇನು ನೋಡಬೇಕು?


ನಿವೃತ್ತ ಟೀಚರ್:

ಮಹಾರಾಷ್ಟ್ರದಲ್ಲಿ ಶಾಲಾ ಬಸ್ಸಿಗೆಂದೇ 2011ರ ನಿಯಮಗಳಿವೆ. ಪ್ರತಿ ಶಾಲೆಯಲ್ಲೂ ಸಾರಿಗೆ ಸಮಿತಿ ಇರಬೇಕು, ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಇರಬೇಕು. ಬಸ್ಸು ಶಾಲೆಯದ್ದಾ, ಹೊರಗಿನ ಗುತ್ತಿಗೆಯವರದ್ದಾ ಕೇಳಿ. ಸಮಿತಿಯಲ್ಲಿರುವ ಒಬ್ಬ ಪಾಲಕರ ಫೋನ್ ನಂಬರ್ ತೆಗೆದುಕೊಳ್ಳಿ. ಆಮೇಲೆ ಶಾಲೆ ನಡೆಯುವ ಒಂದು ದಿನ ಬೆಳಿಗ್ಗೆ ಆ ಬಸ್ಸು ನಿಲ್ಲುವ ಜಾಗಕ್ಕೆ ನೀವೇ ಹೋಗಿ ನಿಂತು ನೋಡಿ. ಎಷ್ಟು ಹೊತ್ತಿಗೆ ಬರುತ್ತದೆ, ಮಗುವನ್ನು ಯಾರು ಕೈಹಿಡಿದು ಹತ್ತಿಸುತ್ತಾರೆ, ಕೂರಲು ಜಾಗ ಇದೆಯಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಹತ್ತಿರ ನೀರು ನಿಂತಾಗ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಅಂತಲೂ ಕೇಳಿ ಇಟ್ಟುಕೊಳ್ಳಿ.